ಸತುವಿಗೆ ಹಗೇವು ಇಲ್ಲ: ಹಸುವಿನ ಮೈಯಲ್ಲಿ ಜಿಂಕ್ ಲೆಕ್ಕ

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ. ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ, ಒಂದೊಂದೂ ದಿನಕ್ಕೆ 12 ಲೀಟರ್ ಆಸುಪಾಸು ಕರೆಯುತ್ತವೆ. ರಾಗಿ ಹುಲ್ಲು 5 ಕಿಲೋ, ಮೆಕ್ಕೆಜೋಳದ ಸೈಲೇಜ್ (ಹುದುಗಿಸಿದ ಹಸಿ ಮೇವು) 15 ಕಿಲೋ, ಮನೆಯಲ್ಲೇ ಬೆರೆಸಿದ ಹಿಂಡಿ-ಬೂಸಾ-ನುಚ್ಚು 4 ಕಿಲೋ ಕೊಡುತ್ತೇವೆ. ಖನಿಜ ಮಿಶ್ರಣ ನೆನಪಾದಾಗ ಒಂದು ಹಿಡಿ. ಎರಡು ಹಸುಗಳ ಗೊರಸು ಸೀಳಿದೆ. ಐದು ತಿಂಗಳ ಹೆಣ್ಣು ಕರುವಿನ ಮೂತಿ, ಕಣ್ಣಿನ ಸುತ್ತ, ಹಿಂಗಾಲಿನ ಕೀಲಿನ ಮೇಲೆ ಚರ್ಮ ದಪ್ಪವಾಗಿ ಹಕ್ಕಳೆ ಕಟ್ಟಿದೆ. ಅದಕ್ಕೆ ಮೂರನೇ ತಿಂಗಳಲ್ಲಿ ಬಹಳ ದಿನ ಭೇದಿಯಾಗಿತ್ತು. ವೈದ್ಯರು ಚೀಟಿಯಲ್ಲಿ 'ಪ್ಯಾರಾಕೆರಟೋಸಿಸ್, ಜಿಂಕ್ ಕೊರತೆ?' ಎಂದು ಬರೆದು ರಕ್ತ ಪರೀಕ್ಷೆ ಮಾಡಿಸಿದರು. ಕರುವಿಗೆ ಲೀಟರಿಗೆ 0.48 ಮಿಲಿಗ್ರಾಂ, ಗೊರಸು ಸೀಳಿದ ಹಸುವಿಗೆ 0.92 ಬಂತು, ಹಸುವಿನದು ಸರಿಯಿದೆಯಂತೆ. ಪಕ್ಕದ ತೋಟದವರು ಗೊಬ್ಬರದಂಗಡಿಯ ಜಿಂಕ್ ಸಲ್ಫೇಟನ್ನು ದಿನಕ್ಕೊಂದು ಚಮಚ ನೀರಿಗೆ ಹಾಕಿ ಅಂತಾರೆ. ಇನ್ನೊಬ್ಬರು ಕೀಲೇಟೆಡ್ ಜಿಂಕ್ (ಅಮೈನೋ ಆಮ್ಲದಂಥ ಸಾವಯವ ವಸ್ತುವಿಗೆ ಕಟ್ಟಿದ ಜಿಂಕ್) ಬಿಟ್ಟು ಬೇರೆ ಯಾವುದೂ ಮೈಗೆ ಹತ್ತಲ್ಲ ಅಂತಾರೆ. ಹೆಚ್ಚು ಕೊಟ್ಟರೆ ಹಾಲಿಗೆ ಇಳಿದು ಮಕ್ಕಳಿಗೆ ತೊಂದರೆ ಅಂತ ಮನೆಯವರ ಭಯ. ರಕ್ತದಲ್ಲಿ ಸರಿಯಿದ್ದ ಮೇಲೆ ಗೊರಸು ಯಾಕೆ ಸೀಳಿತು? ಎಷ್ಟು ಕೊಡಬೇಕು, ಎಷ್ಟು ದಿನ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಹೆಸರಿನಡಿ ಸೇರಿಕೊಂಡಿವೆ ಅನ್ನಿಸುತ್ತದೆ. ಕರುವಿನದು ಬಹುಮಟ್ಟಿಗೆ ಜಿಂಕ್ ಕೊರತೆಯೇ. ಹಸುಗಳ ಗೊರಸಿನ ತಪ್ಪನ್ನೆಲ್ಲ ಜಿಂಕಿನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಯಾಕೆಂದು ತಿಳಿಯಬೇಕಾದರೆ ಮೇವಿನಲ್ಲಿ ಹೋದ ಜಿಂಕ್ ಮೈಯೊಳಗೆ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ನೋಡೋಣ.

450 ಕಿಲೋ ತೂಗುವ ಹಸುವಿನ ಇಡೀ ಮೈಯಲ್ಲಿ ಜಿಂಕ್ ಇರುವುದು ಸುಮಾರು 10 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಂಸಖಂಡದಲ್ಲಿ, ಉಳಿದದ್ದರಲ್ಲಿ ಮುಕ್ಕಾಲು ಪಾಲು ಮೂಳೆಯಲ್ಲಿ. ಪರೀಕ್ಷೆಗೆ ಕೊಡುವ ರಕ್ತದ ತಿಳಿ, ಅಂದರೆ ಪ್ಲಾಸ್ಮಾ, ಹಸುವಿನಲ್ಲಿ 19 ಲೀಟರ್ ಆಸುಪಾಸು ಇರುತ್ತದೆ. ಲೀಟರಿಗೆ 0.92 ಮಿಲಿಗ್ರಾಂ ಅಂದರೆ ಒಟ್ಟು 17–18 ಮಿಲಿಗ್ರಾಂ. ಹತ್ತು ಸಾವಿರ ಮಿಲಿಗ್ರಾಮಿನಲ್ಲಿ ಹದಿನೆಂಟನ್ನು ನೋಡಿ ಮನೆಯ ಸ್ಥಿತಿಗತಿ ಹೇಳಿದ ಹಾಗೆ. ಆ ಹದಿನೆಂಟನ್ನು ಸಮನಾಗಿ ಇಟ್ಟುಕೊಳ್ಳಲು ದೇಹ ಉಳಿದೆಲ್ಲ ಕಡೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ.

ಕಬ್ಬಿಣ, ತಾಮ್ರಕ್ಕಾದರೆ ಲಿವರಿನಲ್ಲಿ ಹಗೇವು ಇದೆ. ಸುಗ್ಗಿಯಲ್ಲಿ ತುಂಬಿಟ್ಟು ಬರಗಾಲದಲ್ಲಿ ತೆಗೆಯುವ ರಾಗಿಯ ಹಾಗೆ ತಿಂಗಳುಗಟ್ಟಲೆ ನಡೆಯುತ್ತದೆ. ಜಿಂಕಿಗೆ ಆ ಅನುಕೂಲವಿಲ್ಲ. ಮಾಂಸಖಂಡದ ಜಿಂಕ್ ಮಾಂಸದ ಕೆಲಸಕ್ಕೇ ಬದ್ಧ. ಮೂಳೆಯದು ಕರಗಿ ಬರುವುದು ನಿಧಾನ, ಅದೂ ಸ್ವಲ್ಪ. ಹಾಗಾಗಿ ಭಾನುವಾರ ಒಂದು ಹಿಡಿ ಹಾಕಿ ವಾರವಿಡೀ ಸುಮ್ಮನಿದ್ದರೆ ಕೆಲವೇ ದಿನದಲ್ಲಿ ಅದರ ಬಹುಪಾಲು ಸಗಣಿಯಲ್ಲಿ ಹೋಗಿರುತ್ತದೆ. ಅಂದಂದಿನ ಕೂಲಿ ಅಂದಂದೇ ಸಿಗಬೇಕಾದ ಖನಿಜ ಇದು.

ದೇಹ ಇದನ್ನು ನಿಭಾಯಿಸುವುದು ಕರುಳಿನ ಬಾಗಿಲಲ್ಲಿ. ಮೇವಿನಲ್ಲಿ ಜಿಂಕ್ ಕಡಿಮೆಯಾದರೆ ಸಣ್ಣ ಕರುಳಿನ ಒಳಪದರದ ಜೀವಕೋಶಗಳು 'ಝಿಪ್-4' ಅನ್ನುವ ವಾಹಕ ಪ್ರೋಟೀನನ್ನು ಹೆಚ್ಚು ಮುಂದೆ ತಂದು, ಸಿಕ್ಕಿದ ಜಿಂಕಿನಲ್ಲಿ ದೊಡ್ಡ ಪಾಲನ್ನು ಒಳಗೆಳೆಯುತ್ತವೆ. ಮೇದೋಜೀರಕ ಗ್ರಂಥಿಯ ರಸದ ಮೂಲಕ ಕರುಳಿಗೆ ಸುರಿಯುವ ಜಿಂಕನ್ನೂ ದೇಹ ಕಡಿಮೆ ಮಾಡುತ್ತದೆ. ಜಿಂಕ್ ಹೆಚ್ಚಾದರೆ ಇದರ ತಿರುಗುಮುರುಗು: ಒಳಗೆಳೆಯುವುದು ತಗ್ಗುತ್ತದೆ, ಜೀವಕೋಶದೊಳಗೆ 'ಮೆಟಲೋಥಯೋನಿನ್' ಅನ್ನುವ ಪ್ರೋಟೀನು ಹೆಚ್ಚಾಗಿ ತಯಾರಾಗಿ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರುಳಿನ ಈ ಕೋಶಗಳು ಕೆಲವೇ ದಿನದಲ್ಲಿ ಉದುರಿ ಹೋಗುವಂಥವು. ಉದುರುವಾಗ ಹಿಡಿದಿಟ್ಟ ಜಿಂಕನ್ನೂ ಕೊಂಡು ಹೋಗುತ್ತವೆ.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಡಬ್ಲ್ಯೂ. ಜೆ. ಮಿಲ್ಲರ್ ಮತ್ತು ಸಂಗಡಿಗರು 1960ರ ದಶಕದಿಂದ ಹೋಲ್‌ಸ್ಟೀನ್ ಕರು, ಹಸುಗಳಿಗೆ ವಿಕಿರಣ ಸೂಸುವ ಜಿಂಕ್-65 ಕೊಟ್ಟು ಅದು ಹೋಗುವ ದಾರಿಯನ್ನೇ ಹಿಂಬಾಲಿಸಿದರು. ಮೇವಿನಲ್ಲಿ ಜಿಂಕ್ ಏರಿಸಿದಾಗ ಮಾಂಸಖಂಡ, ಹೃದಯ ಹೆಚ್ಚು ಕಡಿಮೆ ಇದ್ದ ಹಾಗೇ ಇದ್ದವು. ಏರಿದ್ದು ಲಿವರ್, ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳಲ್ಲಿ. ಅದೂ ಶೇಖರಣೆಯ ಲೆಕ್ಕದ್ದಲ್ಲ, ಮೇವಿನ ಜಿಂಕ್ ತಗ್ಗಿದರೆ ಬೇಗ ಇಳಿದುಹೋಗುವಂಥದ್ದು.

ಈಗ ನಿಮ್ಮ ಗೊಂತಿಗೆ ಬರೋಣ. ರಾಗಿ ಹುಲ್ಲಿನಲ್ಲೂ ಮೆಕ್ಕೆಜೋಳದ ಸೈಲೇಜಿನಲ್ಲೂ ಒಣ ಲೆಕ್ಕದ ಕಿಲೋಗೆ 25 ಮಿಲಿಗ್ರಾಂ ಜಿಂಕ್ ಇದೆ ಎಂದಿಟ್ಟುಕೊಳ್ಳಿ. (ಕಿಲೋಗೆ ಮಿಲಿಗ್ರಾಂ ಅಂದರೂ ಪಿಪಿಎಂ ಅಂದರೂ ಒಂದೇ.) 5 ಕಿಲೋ ಹುಲ್ಲಿನಲ್ಲಿ ನೀರು ಕಳೆದು 4.5 ಕಿಲೋ, 15 ಕಿಲೋ ಸೈಲೇಜಿನಲ್ಲೂ ಸುಮಾರು 4.5 ಕಿಲೋ. ಎರಡೂ ಸೇರಿ ಸುಮಾರು 220 ಮಿಲಿಗ್ರಾಂ ಜಿಂಕ್. ನಿಮ್ಮ ಹಿಂಡಿ-ಬೂಸಾದಲ್ಲಿ ನುಚ್ಚು ಬಡವ, ಗೋಧಿ ಬೂಸಾ ಸಿರಿವಂತ. ಸರಾಸರಿ 45 ಹಿಡಿದರೆ 160. ಒಟ್ಟು 380 ಮಿಲಿಗ್ರಾಂ, 12.6 ಕಿಲೋ ಒಣ ಆಹಾರದಲ್ಲಿ. ಅಂದರೆ ಕಿಲೋಗೆ 30. ಕರೆಯುವ ಹಸುವಿಗೆ ಬೇಕಾದದ್ದು 50ರ ಆಸುಪಾಸು, ದಿನಕ್ಕೆ 630.

ಕೊರತೆ ಇದೆ, ನಿಜ. ಆದರೂ ರಕ್ತದಲ್ಲಿ 0.92 ಬಂದದ್ದು ಹೇಗೆ? ವಯಸ್ಕ ಹಸು ತಿಂದ ಜಿಂಕಿನಲ್ಲಿ ಸಾಮಾನ್ಯವಾಗಿ 15 ಶೇಕಡಾದಷ್ಟನ್ನು ಒಳಗೆಳೆಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. 380ರಲ್ಲಿ ಅದು 57 ಮಿಲಿಗ್ರಾಂ. ಖರ್ಚು ನೋಡಿ: ಮೈ ನಡೆಸಲು 20, ಹಾಲಿನಲ್ಲಿ ಲೀಟರಿಗೆ 4ರಂತೆ 48, ಒಟ್ಟು 68. ಹನ್ನೊಂದು ಮಿಲಿಗ್ರಾಂ ಸಾಲ. ಹಸು ಏನು ಮಾಡುತ್ತದೆ? ಒಳಗೆಳೆಯುವುದನ್ನು 15ರಿಂದ 18–20 ಶೇಕಡಾಕ್ಕೆ ಏರಿಸಿ ಸರಿದೂಗಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಹಸುಗಳು ಅಂಚಿನಲ್ಲಿ ನಿಂತಿವೆ, ಇನ್ನೂ ಬಿದ್ದಿಲ್ಲ. ಗರ್ಭದ ಕೊನೆಯ ತಿಂಗಳುಗಳು ಬಂದರೆ, ಹಾಲು 18–20 ಲೀಟರಿಗೆ ಹೋದರೆ ಈ ಹೊಂದಾಣಿಕೆ ಸಾಲದು.

ಮೇವಿನಲ್ಲೇ ಜಿಂಕ್ ಕಡಿಮೆ ಬರಲು ಕಾರಣ ಮಣ್ಣು. 2009ರಲ್ಲಿ ಶುರುವಾದ 'ಭೂಚೇತನ' ಕಾರ್ಯಕ್ರಮದಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿ ಗಂಧಕ, ಬೋರಾನ್ ಜೊತೆ ಜಿಂಕನ್ನೂ ಹಾಕಲು ಹೇಳಿದ್ದು ನಿಮಗೆ ನೆನಪಿರಬಹುದು. ಅದೇ ಮಣ್ಣಿನ ಹುಲ್ಲನ್ನು ಹಸು ತಿನ್ನುತ್ತಿದೆ.

ಕರುವಿನ ಕಥೆ ಬೇರೆ. ಐದು ತಿಂಗಳ ಕರು ದಿನಕ್ಕೆ 2.5 ಕಿಲೋ ಒಣ ಆಹಾರ ತಿನ್ನುತ್ತದೆ ಎನ್ನಿ. ನಮ್ಮ ಕಡೆ ಹಾಲು ಬಿಡಿಸಿದ ಮೇಲೆ ಕರುವಿಗೆ ಉಳಿಯುವುದು ಹಸು ಬಿಟ್ಟ ಹುಲ್ಲು. ಅದರಿಂದ ಸಿಗುವ ಜಿಂಕ್ 50–60 ಮಿಲಿಗ್ರಾಂ, ಬೇಕಾದದ್ದು 100–125. ಅದರ ಮೇಲೆ ಭೇದಿ. ಕರುಳಿಗೆ ಸುರಿದ ಜೀರ್ಣರಸದಲ್ಲಿನ ಜಿಂಕನ್ನು ದೇಹ ಸಾಮಾನ್ಯವಾಗಿ ಮತ್ತೆ ಹೀರಿಕೊಳ್ಳುತ್ತದೆ, ಭೇದಿಯಲ್ಲಿ ಅದೂ ನೀರಾಗಿ ಹೋಗುತ್ತದೆ. ವಾರಗಟ್ಟಲೆ ಭೇದಿಯಾದ ಕರು ಮೇವಿನ ಕೊರತೆಗಿಂತ ಈ ಸೋರಿಕೆಯಿಂದಲೇ ಹೆಚ್ಚು ಸೊರಗಬಹುದು.

ಬೆಳೆಯುವ ಪ್ರಾಣಿಗೆ ಜಿಂಕ್ ಸಾಲದಾದಾಗ ದೇಹ ಮೊದಲು ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಹೊಸ ಮಾಂಸ ಕಟ್ಟದಿದ್ದರೆ ಹೊಸ ಜಿಂಕ್ ಬೇಡವಲ್ಲ. ಮೇವು ಬಿಡುತ್ತದೆ, ಗಿಡ್ಡಾಗುತ್ತದೆ, ಮಾಂಸ ತೆಗೆದು ಪರೀಕ್ಷಿಸಿದರೆ ಜಿಂಕ್ ಸರಿಯಾಗೇ ಇರುತ್ತದೆ! ಚರ್ಮದಂತಹ ದಿನವೂ ಹೊಸದಾಗಿ ಹುಟ್ಟಬೇಕಾದ ಅಂಗಕ್ಕೆ ಮಾತ್ರ ಈ ಉಪಾಯ ಸಾಗುವುದಿಲ್ಲ. ಚರ್ಮದ ಮೇಲ್ಪದರದ ಕೋಶಗಳು ಮಾಗುವ ಮೊದಲೇ ಮೇಲೆ ಬಂದು ಒಂದರ ಮೇಲೊಂದು ಹಕ್ಕಳೆಯಾಗಿ ಕೂರುತ್ತವೆ. ನಿಮ್ಮ ವೈದ್ಯರು ಬರೆದ ಪ್ಯಾರಾಕೆರಟೋಸಿಸ್ ಅದೇ. ಹಂದಿಗಳಲ್ಲಿ ಇದು ಜಿಂಕಿನಿಂದ ವಾಸಿಯಾಗುತ್ತದೆ ಎಂದು ಟಕರ್ ಮತ್ತು ಸಾಮನ್ ತೋರಿಸಿದ್ದು 1955ರಲ್ಲಿ.

ಆದರೂ ಒಮ್ಮೆ ಕೈಯಿಟ್ಟು ನೋಡಿ. ಜಿಂಕ್ ಕೊರತೆಯ ಹಕ್ಕಳೆ ಎಡಬಲ ಎರಡೂ ಕಡೆ ಒಂದೇ ಥರ ಇರುತ್ತದೆ, ಅಷ್ಟಾಗಿ ತುರಿಸುವುದಿಲ್ಲ, ಎತ್ತಿದರೆ ಅಡಿಯಲ್ಲಿ ಕೆಂಪು ಹಸಿ ಚರ್ಮ ಕಾಣುತ್ತದೆ. ಕರು ಕಂಬಕ್ಕೆ ಉಜ್ಜುತ್ತಿದ್ದರೆ ಕಜ್ಜಿ ಹುಳು ಇರಬಹುದು, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ನಾಣ್ಯದಂತೆ ದುಂಡಗೆ, ಬೂದಿ ಬಳಿದಂತೆ ಇದ್ದರೆ ಹುಳುಕಡ್ಡಿ. ಅದು ಕರೆಯುವವರ ಕೈಗೂ ಅಂಟುತ್ತದೆ.

ರಕ್ತದ 0.48ನ್ನೂ ಕಣ್ಣುಮುಚ್ಚಿ ನಂಬಬೇಡಿ. 0.8ರಿಂದ 1.4 ಸಹಜ, 0.5ರ ಕೆಳಗೆ ಅನುಮಾನ ಗಟ್ಟಿ. ಆದರೆ ಜ್ವರ, ಸೋಂಕು ಇದ್ದಾಗ ದೇಹವೇ ಪ್ಲಾಸ್ಮಾದಿಂದ ಜಿಂಕನ್ನು ಲಿವರಿಗೆ ಎಳೆದುಕೊಳ್ಳುತ್ತದೆ. ಮೇವಿನಲ್ಲಿ ಎಷ್ಟೇ ಇದ್ದರೂ ರಕ್ತದಲ್ಲಿ ಇಳಿಯುತ್ತದೆ. ಹೆರಿಗೆಯ ಆಚೀಚೆಯೂ ಹೀಗೇ. ರಕ್ತ ತೆಗೆದ ದಿನ ಕರುವಿಗೆ ಜ್ವರ ಇತ್ತೇ ಕೇಳಿಕೊಳ್ಳಿ. ಇದರ ವಿರುದ್ಧದ ಮೋಸವೂ ಇದೆ. ಕೆಂಪು ರಕ್ತಕಣದಲ್ಲಿ ಜಿಂಕ್ ಪ್ಲಾಸ್ಮಾಗಿಂತ ಬಹಳ ಹೆಚ್ಚು. ಕಣ ಒಡೆದು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸುಳ್ಳು ಏರಿಕೆ ಕಾಣುತ್ತದೆ. ಮಾಮೂಲಿ ಟ್ಯೂಬಿನ ರಬ್ಬರ್ ಬಿರಡೆಯಲ್ಲೂ ಜಿಂಕ್ ಇರುತ್ತದೆ, ರಕ್ತಕ್ಕೆ ಇಳಿಯುತ್ತದೆ. ಖನಿಜ ಪರೀಕ್ಷೆಗೆಂದೇ ಕಡು ನೀಲಿ ಮುಚ್ಚಳದ ಟ್ಯೂಬ್ ಬರುತ್ತದೆ, ತಿಳಿ ನೀಲಿಯದ್ದಲ್ಲ. ಅದರಲ್ಲಿ ತೆಗೆದು, ಒಂದೆರಡು ಗಂಟೆಯೊಳಗೆ ತಿಳಿ ಬೇರೆ ಮಾಡಿಸಿ. ಒಂದೇ ಹಸುವಿನ ಒಂದು ಅಂಕಿಯಿಂದ ಕೊಟ್ಟಿಗೆಯ ಬಗ್ಗೆ ಏನೂ ಹೇಳಲಾಗದು. ಆರೂ ಹಸುಗಳದ್ದು ತೆಗೆಸಿ, ಇಲ್ಲವೇ ಆ ದುಡ್ಡಿನಲ್ಲಿ ಹುಲ್ಲು, ಸೈಲೇಜ್ ಪರೀಕ್ಷೆ ಮಾಡಿಸಿ. ನನ್ನನ್ನು ಕೇಳಿದರೆ ಎರಡನೆಯದೇ ಮೇಲು.

ಕರುವಿಗೆ ಔಷಧಿ ದರ್ಜೆಯ ಅಥವಾ ಪಶು ಆಹಾರ ದರ್ಜೆಯ ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್ ದಿನಕ್ಕೆ 1 ಗ್ರಾಂ ಸಾಕು. ಇದರಲ್ಲಿ ಶುದ್ಧ ಜಿಂಕ್ ಸುಮಾರು 220 ಮಿಲಿಗ್ರಾಂ. ಅಂಗಡಿಯಲ್ಲಿ ಮಾನೋಹೈಡ್ರೇಟ್ ಕೊಟ್ಟರೆ ಅದರಲ್ಲಿ 35 ಶೇಕಡಾ ಜಿಂಕ್, ಆಗ 0.6 ಗ್ರಾಂ. ಹೆಸರು ಓದದೆ ಚಮಚದಲ್ಲಿ ಅಳೆಯುವುದರಿಂದಲೇ ಎಡವಟ್ಟಾಗುತ್ತದೆ. ಹೆಪ್ಟಾಹೈಡ್ರೇಟ್ ಆದರೆ 30 ಗ್ರಾಂ (ಮಾನೋಹೈಡ್ರೇಟ್ ಆದರೆ 18 ಗ್ರಾಂ) ಪುಡಿ ತೂಗಿಸಿ 30 ಪೊಟ್ಟಣ ಮಾಡಿಸಿಕೊಳ್ಳಿ. ಒಂದು ಪೊಟ್ಟಣ ಬೆಲ್ಲದ ನೀರಿನಲ್ಲಿ ಕಲಸಿ, ಒಂದು ಹಿಡಿ ಬೂಸಾಕ್ಕೆ ಬೆರೆಸಿ, ಹೊಟ್ಟೆ ತುಂಬಿದ ಮೇಲೆ ಕೊಡಿ. ಖಾಲಿ ಹೊಟ್ಟೆಗೆ ಕೊಟ್ಟರೆ ಉರಿ, ಭೇದಿ ಆಗಬಹುದು. ಮೊದಲು ಬದಲಾಗುವುದು ಚರ್ಮವಲ್ಲ, ಹಸಿವು: ಒಂದು ವಾರದಲ್ಲಿ ಮೇವಿಗೆ ಮುನ್ನುಗ್ಗಬೇಕು. ಹಕ್ಕಳೆ ಉದುರಿ ಕೂದಲು ಬರಲು 3–4 ವಾರ. ಒಂದು ತಿಂಗಳಾದರೂ ಏನೂ ಬದಲಾಗದಿದ್ದರೆ ಜಿಂಕ್ ಹೆಚ್ಚಿಸಬೇಡಿ, ರೋಗನಿರ್ಣಯವನ್ನೇ ಮತ್ತೆ ನೋಡಬೇಕು.

ಇನ್ನೊಂದು ಸಾಧ್ಯತೆ ಅಪರೂಪದ್ದು, ಎಚ್‌ಎಫ್ ರಕ್ತ ಇರುವುದರಿಂದ ಹೇಳುತ್ತೇನೆ. ಫ್ರೀಸಿಯನ್ ವಂಶದ ದನಗಳಲ್ಲಿ 'ಎ-46' ಎಂಬ ಆನುವಂಶಿಕ ದೋಷ ಉಂಟು. ಝಿಪ್-4 ತಯಾರಿಸುವ ವಂಶವಾಹಿಯೇ ಕೆಟ್ಟಿರುತ್ತದೆ, ಬಾಗಿಲಿಗೇ ಬೀಗ. ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕರುವಿಗೆ ಕಾಯಿಲೆ, ಶುರುವಾಗುವುದು ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲೇ. ಹೆಚ್ಚು ಜಿಂಕ್ ಕೊಟ್ಟರೆ ಚೇತರಿಕೆ, ನಿಲ್ಲಿಸಿದ ಕೆಲವೇ ವಾರದಲ್ಲಿ ಮತ್ತೆ ಹಕ್ಕಳೆ. ನಿಮ್ಮ ಕರು ಚೆನ್ನಾಗಿ ಮೇವು ತಿನ್ನುತ್ತಿದ್ದೂ ಹೀಗಾದರೆ ಆ ತಾಯಿಗೆ ಅದೇ ಹೋರಿಯ ವೀರ್ಯ ಮತ್ತೆ ಕೊಡಿಸಬೇಡಿ.

ಹಸುಗಳಿಗೆ ಬೇಕಾದದ್ದು ತಲೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ತಪ್ಪದೆ. ಐಎಸ್ 1664 ಎಂಬ ಭಾರತೀಯ ಮಾನಕದ ಮಿಶ್ರಣದಲ್ಲಿ ಜಿಂಕ್ 0.8 ಶೇಕಡಾ, ತಾಮ್ರ 0.1. ಐವತ್ತು ಗ್ರಾಮಿನಲ್ಲಿ 400 ಮಿಲಿಗ್ರಾಂ ಜಿಂಕ್ ಸಿಗುತ್ತದೆ. 380ಕ್ಕೆ ಕೂಡಿಸಿ, 780, ಅಂದರೆ ಕಿಲೋಗೆ 62. ಇದಕ್ಕಿಂತ ಬೇರೇನೂ ಬೇಡ. ಒಮ್ಮೆ ತಕ್ಕಡಿಯಲ್ಲಿ 50 ಗ್ರಾಂ ತೂಗಿ ಒಂದು ಹಳೇ ಲೋಟಕ್ಕೆ ಗೆರೆ ಹಾಕಿಕೊಳ್ಳಿ, ಬೆಳಿಗ್ಗೆ ಅರ್ಧ ಸಂಜೆ ಅರ್ಧ. ಮುಂದೆ ಕಂಪನಿ ಫೀಡಿಗೆ ಬದಲಾದರೆ ಚೀಲದ ಮೇಲಿನ ಚೀಟಿ ಓದಿ, ಅದರಲ್ಲಿ ಖನಿಜ ಸೇರಿಸಿರುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶದ ಮೇವಿಗೆ ಹೊಂದುವ ಖನಿಜ ಮಿಶ್ರಣಗಳ ಮೇಲೆ ಕೆಲಸ ಮಾಡಿದೆ. ನಿಮ್ಮ ಭಾಗದ್ದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಮಾನಕದ್ದೇ ಸಾಕು.

ಕೀಲೇಟೆಡ್ ಜಿಂಕ್ ಬಗ್ಗೆ: ಅದು ಮೈಗೆ ಹತ್ತುತ್ತದೆ, ಸಲ್ಫೇಟೂ ಹತ್ತುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದು ತೊಟ್ಟಿ ಕೆಂಪಗೆ ಕಲೆ ಕಟ್ಟುವಂಥ ಕಡೆ ಕೀಲೇಟಿನಿಂದ ಸ್ವಲ್ಪ ಅನುಕೂಲ ಇರಬಹುದು. ಐವತ್ತು ಗ್ರಾಂ ಮಿಶ್ರಣ ದಿನವೂ ಹಾಕದವರು ಹಲವು ಪಟ್ಟು ದುಡ್ಡು ಕೊಟ್ಟು ಕೀಲೇಟ್ ತರುವುದರಲ್ಲಿ ಅರ್ಥವಿಲ್ಲ. ಧಾನ್ಯ, ಬೂಸಾದಲ್ಲಿ ಸಹಜವಾಗಿರುವ ಫೈಟೇಟ್ ಎಂಬ ವಸ್ತು ಜಿಂಕನ್ನು ಕಟ್ಟಿಹಾಕುತ್ತದೆ ಅನ್ನುವ ಮಾತು ಕೋಳಿ, ಹಂದಿ, ಮನುಷ್ಯರಿಗೆ ಪೂರಾ ನಿಜ. ಮೆಲುಕು ಹಾಕುವ ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಫೈಟೇಟನ್ನು ಒಡೆದುಬಿಡುತ್ತವೆ.

ಗೊಬ್ಬರದ ಜಿಂಕ್ ಬೇಡವೇ ಬೇಡ. ಜಿಂಕ್ ವಿಷವೆಂದಲ್ಲ, ಅದರ ಜೊತೆ ಬರುವ ಸೀಸ, ಕ್ಯಾಡ್ಮಿಯಂಗಳಿಂದಾಗಿ. ಗೊಬ್ಬರದ ಮಾನಕ ಮಣ್ಣಿಗೆ ಹಾಕುವ ಲೆಕ್ಕದ್ದು. ಕ್ಯಾಡ್ಮಿಯಂ ಅದೇ ಮೆಟಲೋಥಯೋನಿನ್ನಿಗೆ ಜಿಂಕಿಗಿಂತ ಗಟ್ಟಿಯಾಗಿ ಅಂಟಿಕೊಂಡು ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಇನ್ನು ಅಳತೆ. ಟೀ ಚಮಚದಲ್ಲಿ ಹರಳು 5–6 ಗ್ರಾಂ, ಜಿಂಕ್ 1.2 ಗ್ರಾಂ. ದೊಡ್ಡ ಹಸುವಿಗೆ ಅದು ಕಿಲೋಗೆ 100ರಷ್ಟು ಹೆಚ್ಚುವರಿ, ಸಾಯುವುದಿಲ್ಲ. ಅದೇ ತೊಟ್ಟಿಯಲ್ಲಿ ಕರು ಕುಡಿದರೆ ಕಿಲೋಗೆ 480 ಆಗುತ್ತದೆ. ದನಗಳು ತಾಳುವ ಮಿತಿ ಕಿಲೋಗೆ 500. ಹಾಲಿನ ಪುಡಿ ಕುಡಿಯುವ ಎಳೆಗರುಗಳ ಮೇಲಿನ ಪ್ರಯೋಗದಲ್ಲಿ 700ಕ್ಕೆ ಬೆಳವಣಿಗೆ ಕುಸಿದಿದೆ. ನೀರಿಗೆ ಹಾಕಿದರೆ ಕಹಿ ಒಗರಿಗೆ ಹಸು ನೀರನ್ನೇ ಕಡಿಮೆ ಕುಡಿದು ಹಾಲು ಇಳಿಸುವುದು ಬೇರೆ.

ಹೆಚ್ಚು ಜಿಂಕಿನ ನಿಜವಾದ ಕಾಟ ತಾಮ್ರದ ಮೇಲೆ. ಕರುಳಿನ ಕೋಶದಲ್ಲಿ ಜಿಂಕ್ ಎಬ್ಬಿಸಿದ ಮೆಟಲೋಥಯೋನಿನ್ ತಾಮ್ರವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಕೋಶ ಉದುರಿದಾಗ ತಾಮ್ರವೂ ಸಗಣಿಗೆ. ತಾಮ್ರಕ್ಕೆ ಲಿವರಿನಲ್ಲಿ ಹಗೇವು ಇರುವುದರಿಂದ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಎಚ್‌ಎಫ್ ಹಸುವಿನ ಕಪ್ಪು ಪಟ್ಟೆ ತುಕ್ಕು ಬಣ್ಣಕ್ಕೆ ತಿರುಗುತ್ತದೆ, ಬೆದೆಗೆ ಬರುವುದು ತಪ್ಪುತ್ತದೆ. ಜಿಂಕಿನ ಅತಿಯಾದ ಪ್ರಮಾಣ ಔಷಧಿಯಾಗಿ ಬಳಕೆಯಲ್ಲಿದೆ, ಇಲ್ಲವೆಂದಲ್ಲ. ನ್ಯೂಜಿಲೆಂಡಿನಲ್ಲಿ ಹುಲ್ಲುಗಾವಲಿನ ಶಿಲೀಂಧ್ರದ ವಿಷದಿಂದ ಬರುವ ಮುಖದ ಎಕ್ಸಿಮಾ ತಡೆಯಲು ಮೈತೂಕದ ಕಿಲೋಗೆ 20 ಮಿಲಿಗ್ರಾಂ ಜಿಂಕ್ ಕೊಡುತ್ತಾರೆ, 450 ಕಿಲೋ ಹಸುವಿಗೆ ದಿನಕ್ಕೆ 9 ಗ್ರಾಂ. ಅದು ಅಪಾಯದ ಋತುವಿಗೆ ಮಾತ್ರ, ರಕ್ತ ನೋಡಿಕೊಂಡು. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಅನುಕರಿಸುವವರಿದ್ದಾರೆ, ಅದಕ್ಕೆ ಹೇಳಿದೆ.

ಹಾಲಿನ ಭಯ ಬಿಡಿ. ಕೆಚ್ಚಲೂ ತನ್ನ ಬಾಗಿಲು ಕಾಯುತ್ತದೆ. ಮೇವಿನಲ್ಲಿ ಹತ್ತು ಪಟ್ಟು ಹಾಕಿದರೂ ಹಾಲಿನಲ್ಲಿ ಹತ್ತು ಪಟ್ಟಾಗುವುದಿಲ್ಲ. 50 ಗ್ರಾಂ ಮಿಶ್ರಣದಲ್ಲಂತೂ ಲೀಟರಿಗೆ 4 ಮಿಲಿಗ್ರಾಮಿನ ಆಚೀಚೆಯೇ.

ಕೊನೆಗೆ ಗೊರಸು. ನಿಮ್ಮ ಪಟ್ಟಿ ನೋಡಿದರೆ ನುಚ್ಚನ್ನು ಎಷ್ಟು ಹೊತ್ತಿಗೆ, ಎಷ್ಟು ಸಲ ಕೊಡುತ್ತೀರಿ ಅನ್ನುವುದೇ ನನ್ನ ಮೊದಲ ಪ್ರಶ್ನೆ. ನಾಲ್ಕು ಕಿಲೋ ಹಿಂಡಿ-ಬೂಸಾ-ನುಚ್ಚು ಒಮ್ಮೆಗೇ ಸುರಿದರೆ ಹೊಟ್ಟೆ ಹುಳಿಯಾಗಿ ಗೊರಸಿನ ಬೇರಿಗೆ ರಕ್ತ ಹರಿಯುವುದು ಕೆಡುತ್ತದೆ. ಸೀಳು, ಕುಂಟುವಿಕೆಗೆ ಜಿಂಕಿಗಿಂತ ಇದೇ ದೊಡ್ಡ ಕಾರಣ. ಎರಡು ಮೂರು ಹೊತ್ತಿಗೆ ಹಂಚಿ, ಹುಲ್ಲು ಮೊದಲು ಹಾಕಿ. ವರ್ಷಕ್ಕೆರಡು ಸಲ ಗೊರಸು ಕತ್ತರಿಸಿ. ನೆಲ ಸದಾ ಒದ್ದೆಯೇ ನೋಡಿ. ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ದಿನಕ್ಕೆ 20 ಮಿಲಿಗ್ರಾಂ ಆರು ತಿಂಗಳು ಕೊಟ್ಟರೆ ಗೊರಸು ಗಟ್ಟಿಯಾಗುತ್ತದೆ, ಖರ್ಚು ತಾಳುವುದಾದರೆ. ನಿಮ್ಮ ಪಕ್ಕದ ತೋಟದವರು ಬಹುಶಃ ಕೇಳಿರುವುದು ಕಾಲು ಅದ್ದಿಸುವ ಜಿಂಕ್ ಸಲ್ಫೇಟ್ ದ್ರಾವಣ, 10 ಶೇಕಡಾ, ಅಂದರೆ 10 ಲೀಟರ್ ನೀರಿಗೆ 1 ಕಿಲೋ. ಅದು ಹೊರಗಿನ ಬಳಕೆಗೆ. ಹಸುಗಳಿಗೆ ಮೊದಲು ನೀರು ಕುಡಿಸಿ ಆಮೇಲೆ ಅದರಲ್ಲಿ ನಡೆಸಬೇಕು, ಬಾಯಾರಿದ ಹಸು ಅದನ್ನೇ ಕುಡಿದರೆ ವಿಷ.

ಮಿಶ್ರಣ ಶುರುಮಾಡಿದ ದಿನ ಗೊರಸಿನ ಮೇಲಂಚಿನಲ್ಲಿ, ಕೂದಲು ಮುಗಿಯುವ ಗೆರೆಗೆ ಒಂದು ಬೆರಳು ಕೆಳಗೆ, ಅರದಿಂದ ಸಣ್ಣ ಗೆರೆ ಎಳೆಯಿರಿ. ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ, ಮುಂಭಾಗ ಮೇಲಿಂದ ನೆಲ ಮುಟ್ಟಲು ವರ್ಷವೇ ಮೀರುತ್ತದೆ. ಹದಿನೈದು ದಿನದಲ್ಲಿ ಸೀಳು ಕೂಡುತ್ತದೆ ಅಂದವರ ಪುಡಿ ಯಾವುದೇ ಇರಲಿ, ಕೊಳ್ಳಬೇಡಿ. ನಾಲ್ಕು ತಿಂಗಳ ನಂತರ ಆ ಗೆರೆಯ ಮೇಲಿನ ಹೊಸ ಭಾಗ ನುಣುಪಾಗಿದ್ದು ಸೀಳು ಕೆಳಗಿನ ಹಳೆಯ ಭಾಗದಲ್ಲಷ್ಟೇ ಉಳಿದಿದ್ದರೆ ದಾರಿ ಸರಿಯಿದೆ. ಹೊಸ ಭಾಗದಲ್ಲೂ ಅಡ್ಡ ಏಣುಗಳು ಬಂದಿದ್ದರೆ ನುಚ್ಚಿನ ಲೆಕ್ಕ ಬರೆದು ಮತ್ತೆ ಕಳಿಸಿ.